ಶುಕ್ರವಾರ ಕೂಗುವ ಗಂಟೆ

ಚನ್ನಗಿರಿ
ಭಾನುವಾರ, ೧೪-೩-೧೯೮೨

ಪ್ರೀತಿಯ ಅಂಜಮ್ಮನಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಇಲ್ಲ ಎಂದು ಬರೆದರೆ ನೀನು ಗಾಬರಿಯಾಗುತ್ತೀಯ. ಇದ್ದೇವೆ ಎಂದು ತಿಳಿದುಕೋ. ನಿಮ್ಮಣ್ಣ ಕಬ್ಬಿಣದ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ನಾನು ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಕೇ ಎನ್ನುವುದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಮ್ಮ ಶಾಲೆಯ ಮುರುಗೇಶಪ್ಪ ಮೇಷ್ಟ್ರ ಮಾವನ ಮನೆ ನೀನಿರುವ ನ್ಯಾಮತಿಯಲ್ಲೇ ಇದೆ, ನಾಳೆ ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನೀನೊಬ್ಬಳೇ ಓದು. ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಧರ್ಮಪ್ಪ ಭಾವನವರಿಗೆ ಬೇರೆ ಕಾರ್ಡು ಬರೆದಿದ್ದೇನೆ, ಅದರಲ್ಲಿ ಇದ್ಯಾವುದೂ ಇಲ್ಲ.

ಭಾವನವರ ಪತ್ರ ಬಂತು. ಯುಗಾದಿ ಕಳೆದ ಮೇಲೆ ನಿನ್ನನ್ನು ಹೊನ್ನಾಳಿಯ ಒಂದು ಹಾಸ್ಟೆಲ್ಲಿಗೆ ಅಡುಗೆಗೆ ಸೇರಿಸುತ್ತಾರಂತೆ. ಇರುವುದಕ್ಕೆ ಅಲ್ಲೇ ಒಂದು ಕೋಣೆ ಕೊಡುತ್ತಾರಂತೆ. ನೀನೂ ಹ್ಞೂಂ ಅಂದಿದ್ದೀಯಂತೆ. ದುಡಿದು ತಿನ್ನುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ನಾನೂ ದುಡಿಯುತ್ತೇನೆ. ಆದರೆ ನೀನು ಒಪ್ಪಿದ್ದು ಕೆಲಸದ ಮೇಲಿನ ಆಸೆಯಿಂದಲ್ಲ. ಹುಟ್ಟಿದ ಮನೆಗೆ ಮತ್ತೆ ಕಾಲಿಡಬಾರದು ಎಂದು ಒಪ್ಪಿದ್ದೀಯ. ಆ ಮನೆಯಲ್ಲಿ ನಿನ್ನನ್ನು ಕೇಳಬಾರದ ಮಾತು ಕೇಳಿದರು. ಆ ಮಾತಿಗೆ ಉತ್ತರ ಏನು ಎಂದು ನನಗೆ ಈಗ ಗೊತ್ತಾಗಿದೆ. ಅದಕ್ಕೇ ಈ ಕಾಗದ. ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಬರೆದರೆ ನನಗೂ ಸರಿಯಾಗಿ ಅರ್ಥವಾಗುತ್ತದೆ. ಇತ್ತೀಚೆಗೆ ಯಾವುದನ್ನೂ ನಿಂತು ಯೋಚನೆ ಮಾಡುವ ಶಕ್ತಿ ನನಗೆ ಉಳಿದಿಲ್ಲ.

ನಮ್ಮ ಕೇರಿಯ ಮಹೇಶ್ವರಪ್ಪನವರ ಮನೆಯಲ್ಲಿ ಹಾಡಹಗಲೇ ತಾಮ್ರದ ಹಂಡೆ ಕಳುವಾಯಿತಲ್ಲ, ಎಲ್ಲಾ ಶುರುವಾದದ್ದು ಅಲ್ಲಿಂದ. ನಮ್ಮ ಮಕ್ಕಳಿಬ್ಬರೂ ದಾವಣಗೆರೆ ಹಾಸ್ಟೆಲ್ ಸೇರಿದ ಮೇಲೆ ಮಧ್ಯಾಹ್ನ ಮನೆಯಲ್ಲಿ ನೀನೊಬ್ಬಳೇ. ನಿಮ್ಮಣ್ಣನಿಗೆ ನಿದ್ದೆ ಹತ್ತಲಿಲ್ಲ. ದೀಪಾವಳಿ ಮುಗಿದದ್ದೇ ತಡ, ರೇಡಿಯೋ ರಿಪೇರಿ ತಿಪ್ಪೇರುದ್ರಸ್ವಾಮಿಯನ್ನು ಕರೆತಂದರು. ಅವನು ಅಂಚೆ ಮೂಲಕ ವಿದ್ಯೆ ಕಲಿತವನು, ಗೊತ್ತಿಲ್ಲ ಎನ್ನುವ ಮಾತೇ ಅವನ ಬಾಯಲ್ಲಿಲ್ಲ. ಮುಂಬಾಗಿಲ ಹೊಸಿಲಿಗೆ ಒತ್ತಿಕೊಂಡ ಹಾಗೆ ಮೆಟ್ಟಿಲ ಮೇಲೊಂದು ಮರದ ಹಲಗೆ, ಹಲಗೆಯ ಕೆಳಗೆ ಎರಡು ಹಿತ್ತಾಳೆ ತಗಡು, ಅಲ್ಲಿಂದ ವೈರು, ಮಾಡಿನ ಕೆಳಗೆ ಶಾಲೆಯಲ್ಲಿರುವಂಥ ಕರೆಂಟು ಗಂಟೆ. ಹಲಗೆ ತುಳಿದರೆ ತಗಡು ಕೂಡುತ್ತವೆ, ಗಂಟೆ ಹೊಡೆದುಕೊಳ್ಳುತ್ತದೆ. ಕರೆಂಟು ಹೋದರೂ ನಿಲ್ಲದಿರಲಿ ಎಂದು ಟಾರ್ಚಿನ ಸೆಲ್ಲು. ನಿಲ್ಲಿಸುವ ಗುಂಡಿಗೆ ಒಂದು ಡಬ್ಬಿ, ಡಬ್ಬಿಗೆ ಬೀಗ, ಬೀಗದ ಕೈ ನಿಮ್ಮಣ್ಣನ ಜೇಬಿನಲ್ಲಿ. ಕೇರಿಯವರು ಅದಕ್ಕೆ ಕಳ್ಳಗಂಟೆ ಎಂದು ಹೆಸರಿಟ್ಟರು.

ಕಳ್ಳ ಪಕ್ಕದ ಸಂದಿಯಿಂದ ಬಂದರೆ ಏನು ಮಾಡುತ್ತೀರಿ ಎಂದು ನಾನು ಕೇಳಿದ್ದೆ. ಮರ್ಯಾದಸ್ಥರ ಮನೆಗೆ ಬರುವ ಕಳ್ಳ ಮುಂಬಾಗಿಲಿಗೇ ಬರುತ್ತಾನೆ ಎನ್ನುವ ಹಾಗೆ ನನ್ನನ್ನು ನೋಡಿದರು.

ಆಮೇಲೆ ಕೂಗುವುದು ಶುರುವಾಯಿತು. ಹಾಲಿನವನು ತುಳಿದ, ಕೂಗಿತು. ಅಂಚೆಯವನು ತುಳಿದ, ಕೂಗಿತು. ಕೇರಿಯ ನಾಯಿ ನೆರಳು ಹುಡುಕಿಕೊಂಡು ಬಂದು ಮಲಗಿತು, ಕೂಗಿದ್ದೇ ಕೂಗಿದ್ದು. ಮೊದಲು ದೊಣ್ಣೆ ಹಿಡಿದು ಓಡಿ ಬರುತ್ತಿದ್ದ ಜನ ಆಮೇಲೆ ಜಗಲಿಯಿಂದಲೇ ಕತ್ತು ಉದ್ದ ಮಾಡಿ ನೋಡಿ ಸುಮ್ಮನಾದರು. ಸ್ಟೇಷನ್ನಿನ ಕಾನ್‌ಸ್ಟೇಬಲ್ ಒಬ್ಬ ಬಂದು, “ಇನ್ನೊಂದು ಸಲ ಸುಮ್‌ಸುಮ್ನೆ ಹೊಡ್ಕೊಂಡ್ರೆ ನಿಮ್ ಮ್ಯಾಲೇ ಕೇಸು ಬರೀತೀನಿ ನೋಡ್ರಿ” ಎಂದು ಕಾಫಿ ಕುಡಿದು ಹೋದ. ಸುಳ್ಳು ಗಂಟೆ ಹೊಡೆಯಬಾರದು ಎಂದು ನಾವು ಮಾಡದ ಕೆಲಸವಿಲ್ಲ. ತಿಪ್ಪೇರುದ್ರಸ್ವಾಮಿ ಒಂದು ಸಲ ಹಲಗೆಯ ಸ್ಪ್ರಿಂಗು ಬಿಗಿ ಮಾಡಿದ, ಮುಂದಿನ ಸಲ ಸಡಿಲ ಮಾಡಿದ. ತಪ್ಪು ಹಲ್ಲಿಯದು ಎಂದ, ಆಮೇಲೆ ಗುಬ್ಬಚ್ಚಿಯದು ಎಂದ. ಹಾಲಿನವನು ಬೀದಿಯಲ್ಲೇ ನಿಂತು ಕೂಗಬೇಕು, ಅಂಚೆಯವನು ಕಿಟಕಿಯಿಂದ ಎಸೆಯಬೇಕು, ನೆಂಟರು ಸಂದಿಯಿಂದ ಹಿತ್ತಲಿಗೆ ಬರಬೇಕು ಎಂದಾಯಿತು. ಜಗಳೂರಿನಿಂದ ನನ್ನ ತಮ್ಮ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದಾಗ ಅವಳನ್ನು ಬಚ್ಚಲ ಪಕ್ಕದಿಂದ ಮನೆ ತುಂಬಿಸಿಕೊಂಡೆವು. ಆ ಹುಡುಗಿ ಏನಂದುಕೊಂಡಳೋ, ನನಗೆ ಈಗಲೂ ಮುಖ ಸುಡುತ್ತದೆ.

ಹೊಸಿಲಿಗೆ ನೀರು ಬೇಡ ಎಂದು ನಿಮ್ಮಣ್ಣ ಅಂದದ್ದೂ ಆಗಲೇ. ಗಂಟೆ ಕೂಗುತ್ತದೆ ಎಂದಲ್ಲ, ತಗಡು ಕಿಲುಬು ಹಿಡಿಯುತ್ತದೆ ಎಂದು. ಶುಕ್ರವಾರವೂ ಬೇಡ, ಒಣ ಕುಂಕುಮ ಒಂದು ಚಿಟಿಕೆ ಇಟ್ಟರೆ ಸಾಕು ಎಂದರು. ಬೆಳಿಗ್ಗೆ ನನ್ನ ಅವಸರ ನಿನಗೆ ಗೊತ್ತಿರುವುದೇ, ನನಗೆ ಅನುಕೂಲವೇ ಆಯಿತು. ಹ್ಞೂಂ ಎಂದುಬಿಟ್ಟೆ. ಆ ಹೊತ್ತು ನೀನು ಅಲ್ಲೇ ಕಂಬದ ಹತ್ತಿರ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ತಲೆ ಎತ್ತಿ ಒಂದು ಸಲ ಹೊಸಿಲನ್ನು ನೋಡಿದೆ, ಮತ್ತೆ ಕಾಯಿ ಬಿಡಿಸಿದೆ.

ಇಷ್ಟೆಲ್ಲಾ ಮಾಡಿದ ಮೇಲೆ ಬೇರೆ ದಿನಗಳಲ್ಲಿ ಗಂಟೆ ಬಾಯಿ ಮುಚ್ಚಿತು. ಶುಕ್ರವಾರ ಮಾತ್ರ ಮುಚ್ಚಲಿಲ್ಲ. ಶುಕ್ರವಾರ ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ ಹೊತ್ತಿಗೆ, ಹಲಗೆಯ ಹತ್ತಿರ ನರಪಿಳ್ಳೆಯೂ ಇಲ್ಲದೆ ಕೂಗುತ್ತಿತ್ತು. ನಿಮ್ಮಣ್ಣ ಅಂಗಡಿ ಬಿಟ್ಟು ಸೈಕಲ್ಲು ತುಳಿದು ಬಂದು ಡಬ್ಬಿ ತೆಗೆಯುವ ತನಕ ಕೂಗುತ್ತಿತ್ತು. ಸಂಜೆ ತಿಪ್ಪೇರುದ್ರಸ್ವಾಮಿ ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿ. ಯಂತ್ರದಲ್ಲಿ ತಪ್ಪಿಲ್ಲ ಎಂದು ಎದೆ ತಟ್ಟಿಕೊಂಡು ಹೇಳಿ ಹೋಗುತ್ತಿದ್ದ.

ಯಂತ್ರದಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಇನ್ನೆಲ್ಲೋ ಇರಲೇಬೇಕಲ್ಲ. ಕೇರಿ ಆ ದಾರಿ ಹಿಡಿಯಿತು. ಎದುರು ಮನೆಯ ಗಿಡ್ಡಮ್ಮ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿ, “ಸಾವಂತ್ರಮ್ಮ, ಬ್ಯಾಸ್ರ ಮಾಡ್ಕಬ್ಯಾಡ. ಶುಕ್ರವಾರ ಶುಕ್ರವಾರ ನಿಮ್ಮನೆ ಬಾಗಿಲಿಗೆ ಯಾರೋ ಬರ್ತಾರೆ ಅಂತ ಮಂದಿ ಮಾತಾಡ್ಕಂತಾರೆ. ಆಕಿ ಬ್ಯಾರೆ ಒಬ್ಳೇ ಇರ್ತಾಳೆ” ಅಂದರು. ನಾನು ಕೊಡ ಅಲ್ಲೇ ಬಿಟ್ಟು ಬಂದೆ. ಬಂದು ನಿನಗೆ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ. ಆದರೆ ಅಂಗಡಿಗೆ ಬರುವ ಜನಕ್ಕೂ ಬಾಯಿ ಇರುತ್ತದೆ. ಮಾತು ಅವರ ಕಿವಿಗೆ ನನಗಿಂತ ಮೊದಲೇ ಬಿದ್ದಿತ್ತು.

ಆ ಶುಕ್ರವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ನೀವಿಬ್ಬರೂ ನಡುಮನೆಯಲ್ಲಿ ನಿಂತಿದ್ದಿರಿ. “ಯಾರು ಬಂದಿದ್ರು” ಎಂದು ಅವರು, “ಯಾರೂ ಇಲ್ಲಣ್ಣ” ಎಂದು ನೀನು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಕೊನೆಗೆ ಅವರು, “ಗಂಟೆ ಸುಳ್ಳು ಹೇಳ್ತೈತಾ, ನೀನು ಹೇಳ್ತೀಯಾ? ಎರಡ್ರಾಗೆ ಒಂದು ಹೇಳು” ಅಂದರು. ನೀನು ಬಾಯಿ ತೆರೆದೆ. ಏನೋ ಹೇಳುವವಳಿದ್ದೆ, ನಾನು ಕಣ್ಣಾರೆ ನೋಡಿದೆ. ಆಮೇಲೆ ಸೆರಗಿನೊಳಗೆ ಕೈಗಳನ್ನು ಮುಚ್ಚಿಕೊಂಡು ಒಳಗೆ ಹೋದೆ. ಮರುದಿನ ಬೆಳಿಗ್ಗೆ ನ್ಯಾಮತಿಗೆಂದು ಹೊನ್ನಾಳಿ ಬಸ್ಸಿಗೆ ಹೊರಟು ನಿಂತಿದ್ದೆ. ತಡೆದರೂ ನಿಲ್ಲಲಿಲ್ಲ.

ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ, ಗೊತ್ತಾಗದಿದ್ದರೇ ಚೆನ್ನಾಗಿತ್ತು. ಮುಂದಿನ ಶುಕ್ರವಾರ ಗಂಟೆ ಕೂಗಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಕೇರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಆಕೆ ಹೋದಳು, ಗಂಟೆ ನಿಂತಿತು, ಇನ್ನೇನು ಬೇಕು ಎಂದರು. ನಿಮ್ಮಣ್ಣ ಶುಕ್ರವಾರ ಬಂದರೆ ಅಂಗಡಿಯಲ್ಲಿ ಕಿವಿ ಕೊಟ್ಟು ಕೂತಿರುತ್ತಿದ್ದರು ಅಂತ ಕಾಣುತ್ತದೆ. ಕೂಗಿದರೆ ನಿನ್ನ ಮೇಲಿನ ಮಾತು ಸುಳ್ಳಾಗುತ್ತಿತ್ತಲ್ಲ, ಅದು ಕೂಗಲಿ ಎಂದು ಅವರು ಬೇಡಿಕೊಂಡದ್ದು ಬಹುಶಃ ಆಗಲೇ. ಕೂಗದೆ ಸಂಜೆಯಾದರೆ ಮುಖ ಕಪ್ಪಿಟ್ಟುಕೊಂಡು ಬರುತ್ತಿದ್ದರು, ಕೈಕಾಲು ತೊಳೆಯದೆ ಕೂತುಬಿಡುತ್ತಿದ್ದರು. ನನಗೆ ಅವರನ್ನು ಬೈಯುವುದಕ್ಕೂ ದಣಿವು, ಸಮಾಧಾನ ಮಾಡುವುದಕ್ಕೂ ದಣಿವು. ಶಾಲೆಯಲ್ಲಿ ಪಿರಿಯಡ್ಡಿನ ಗಂಟೆ ಹೊಡೆದರೂ ಪಾಠ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ.

ಆಮೇಲೆ ಇರುವೆ ಬಂದವು. ಹೋದ ತಿಂಗಳ ಕೊನೆಯಲ್ಲಿ ಒಂದು ಭಾನುವಾರ ಕಸ ಗುಡಿಸುವಾಗ ನೋಡುತ್ತೇನೆ, ಹೊಸಿಲ ಬಿರುಕಿನಿಂದ ಕೆಂಪಿರುವೆ ಸಾಲುಗಟ್ಟಿ ನಡುಮನೆಗೆ ಬರುತ್ತಿವೆ. ನಾನು ಈ ಮನೆಗೆ ಬಂದ ಮೇಲೆ ಮುಂಬಾಗಿಲಿನಿಂದ ಇರುವೆ ಬಂದದ್ದೇ ಇಲ್ಲ. ಅರಿಶಿನ ಹಚ್ಚಿದ ಹೊಸಿಲು ಇರುವೆ ದಾಟುವುದಿಲ್ಲ ಎಂದು ಅತ್ತೆಯವರು ಹೇಳುತ್ತಿದ್ದುದು ನೆನಪಾಯಿತು. ಆದರೆ ನಾನು ಅರಿಶಿನ ಹಚ್ಚುವುದು ಬಿಟ್ಟು ದೀಪಾವಳಿಯಿಂದ ಈಚೆಗೆ ಎಷ್ಟೋ ದಿನವಾಯಿತಲ್ಲ. ಇವು ಈಗ ಯಾಕೆ ಬಂದವು, ಆಗ ಯಾಕೆ ಬರಲಿಲ್ಲ? ಪೊರಕೆ ಹಿಡಿದು ಹಾಗೇ ಕೂತುಬಿಟ್ಟೆ. ಹೊಸಿಲು ಬೂದಿ ಬಣ್ಣಕ್ಕೆ ತಿರುಗಿತ್ತು. ನೀನಿರುವ ತನಕ ಸಂಜೆ ಬಂದಾಗ ಅದು ಹಳದಿಯಾಗಿಯೇ ಕಾಣುತ್ತಿತ್ತು, ಹಳೆಯ ಕಲೆ ಎಂದುಕೊಂಡು ದಾಟುತ್ತಿದ್ದೆ.

ಮನೆಯಲ್ಲಿ ನಾನೊಬ್ಬಳೇ ಇದ್ದೆ. ನಿಮ್ಮಣ್ಣನ ಮೊಳೆ ಕೀಳುವ ಕಬ್ಬಿಣ ತಂದು ಹಲಗೆ ಎಬ್ಬಿಸಿದೆ. ಗಂಟೆ ಒಂದು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಹಲಗೆಯ ಹೊಟ್ಟೆಯೆಲ್ಲಾ ಅರಿಶಿನ, ಅಂಜಮ್ಮ. ಪದರ ಪದರ ಗಟ್ಟಿಯಾಗಿ ಕೂತಿತ್ತು. ತಗಡಿನ ಮೇಲೆ ಕಿಲುಬು, ಕಿಲುಬಿನ ಮೇಲೆ ಅರಿಶಿನ. ನೀರು ಕುಡಿದು ಕುಡಿದು ಮರ ನಡುವೆ ಡೊಂಕಾಗಿತ್ತು. ಹೊಸಿಲು ತೊಳೆದ ನೀರು ಹಲಗೆಗೆ ಇಳಿಯುತ್ತದೆ, ಹಲಗೆ ನಿಧಾನವಾಗಿ ಉಬ್ಬಿ ತಗಡನ್ನು ಒತ್ತುತ್ತದೆ, ಗಂಟೆ ಹೊಡೆಯುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಬಿಡುತ್ತದೆ. ತೊಳೆದ ಕೈ ಅಷ್ಟು ಹೊತ್ತಿಗೆ ಒಳಗೆ ಪಾತ್ರೆ ಬೆಳಗುತ್ತಿರುತ್ತದೆ.

ನಿನಗೂ ಗೊತ್ತಿರಲಿಲ್ಲ, ಅಲ್ಲವೇ? ಗೊತ್ತಿದ್ದರೆ ನೀನು ಹಚ್ಚುತ್ತಿರಲಿಲ್ಲ. ಹಲಗೆ ತುಳಿಯದ ಹಾಗೆ ಪಕ್ಕದಲ್ಲಿ ಕೂತು, ಎದುರು ಮನೆಯವರು ಮಲಗಿದ ಹೊತ್ತು ನೋಡಿ, ಸಂದಿಯಿಂದ ಬಂದು ಸಂದಿಯಿಂದಲೇ ಹೋಗುತ್ತಿದ್ದವಳಿಗೆ ಗಂಟೆಯ ಕಾರಣ ಹೇಗೆ ಗೊತ್ತಾಗಬೇಕು? ನಿಮ್ಮಣ್ಣ ಯಾರು ಬಂದಿದ್ದರು ಎಂದರೆ ಯಾರೂ ಇಲ್ಲ ಎಂದೆ. ಅದು ಸತ್ಯವೇ. ನೀನೇನು ಮಾಡುತ್ತಿದ್ದೆ ಎಂದು ಅವರು ಕೇಳಲಿಲ್ಲ, ನೀನಾಗಿ ಹೇಳಲಿಲ್ಲ. ಗಂಡ ಸತ್ತವಳು ಮನೆಯ ಹೊಸಿಲಿಗೆ ಅರಿಶಿನ ಹಚ್ಚಿದಳು ಎನ್ನುವುದಕ್ಕಿಂತ ಬೇರೆ ಮಾತೇ ವಾಸಿ ಎನ್ನಿಸಿತೇ ನಿನಗೆ? ಅಷ್ಟು ಹೆದರಿಸಿಟ್ಟಿದ್ದೆವೇ ನಾವೆಲ್ಲ ನಿನ್ನನ್ನು?

ಲಂಗ ತೊಡುವ ವಯಸ್ಸಿನಿಂದ ಈ ಹೊಸಿಲು ನಿನ್ನದೇ ಆಗಿತ್ತು ಎಂದು ಅತ್ತೆಯವರೇ ಹೇಳಿದ್ದರು. ಅಂಜಿಯನ್ನು ಬಿಟ್ಟು ಬೇರೆ ಯಾರು ಹಚ್ಚಿದರೂ ಅವರಿಗೆ ಸರಿಬರುತ್ತಿರಲಿಲ್ಲವಂತೆ. ಸಂತೇಬೆನ್ನೂರಿನಿಂದ ಬರಿ ಹಣೆಯಲ್ಲಿ ನಿನ್ನನ್ನು ಕರೆತಂದ ದಿನ ಅದೇ ಅತ್ತೆಯವರು ಅರಿಶಿನದ ಬಟ್ಟಲನ್ನು ನಿನ್ನೆದುರಿಗೇ ನನ್ನ ಕೈಗೆ ಕೊಟ್ಟರು. ನಾನೂ ತೆಗೆದುಕೊಂಡೆ. ಆಗ ನಾನಿನ್ನೂ ಹೊಸಬಳು, ತೆಗೆದುಕೊಳ್ಳದೆ ಇರುವುದು ನನ್ನ ಕೈಲಿರಲಿಲ್ಲ. ಇಷ್ಟು ವರ್ಷ ನಾನು ಅವಸರದಲ್ಲಿ ಬಳಿದು ಓಡುವುದನ್ನು ನೀನು ನೋಡುತ್ತಾ ಇದ್ದೆ. ನಾನು ಅದನ್ನೂ ಬಿಟ್ಟಾಗ ನಿನ್ನಿಂದ ತಡೆಯಲಾಗಲಿಲ್ಲ. ಇದರಲ್ಲಿ ತಪ್ಪೆಲ್ಲಿದೆ, ನನಗಂತೂ ಕಾಣಲಿಲ್ಲ. ನನಗೆ ಬಂದದ್ದು ಅಳು, ಆಮೇಲೆ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದಂಥ ಸಿಟ್ಟು.

ಹಲಗೆಯನ್ನು ಇದ್ದ ಹಾಗೇ ಕೂರಿಸಿದೆ. ಯಾರಿಗೂ ಹೇಳಲಿಲ್ಲ. ಬಾಯಿಂದ ಹೇಳಿದರೆ ಈ ಕೇರಿ ನಂಬುವುದಿಲ್ಲ, ಅದು ಗಂಟೆಯನ್ನು ಮಾತ್ರ ನಂಬುತ್ತದೆ. ಮೊನ್ನೆ ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಮಧ್ಯಾಹ್ನ ಮುಂಬಾಗಿಲು ತೆಗೆದು, ಗಿಡ್ಡಮ್ಮನವರನ್ನು ಎಬ್ಬಿಸಿ ಕರೆದೆ. ಅವರ ಸೊಸೆಯನ್ನೂ ಪಕ್ಕದ ಮನೆಯ ಚೌಡಮ್ಮನವರನ್ನೂ ಕರೆದೆ. ಅವರೆಲ್ಲ ನೋಡುತ್ತಿದ್ದ ಹಾಗೇ ಒಂದು ಚೊಂಬು ನೀರು ಸುರಿದು ಹೊಸಿಲು ತೊಳೆದೆ. ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿದೆ, ಕುಂಕುಮ ಇಟ್ಟೆ. ಆಮೇಲೆ ಎದುರು ಜಗಲಿಗೆ ಹೋಗಿ ಅವರ ಜೊತೆ ಕೂತೆ. ಎಲೆ ಅಡಿಕೆ ಹಾಕಿಕೊಂಡೆವು. ಸೊಸೆಯ ಹೆರಿಗೆಯ ಮಾತಾಡಿದರು, ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಕೂಗದೆ ಹೋದರೆ ಏನು ಗತಿ ಎಂದು ಹಲಗೆಯನ್ನೇ ನೋಡುತ್ತಿದ್ದೆ. ನಿನ್ನ ಹೆಸರು ಉಳಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಕೂಗಿತು. ಹಲಗೆಯ ಸುತ್ತ ಒಂದು ಕೋಳಿಯೂ ಇಲ್ಲ. ಗಿಡ್ಡಮ್ಮನವರು ಬಾಯಲ್ಲಿದ್ದ ಎಲೆಯನ್ನು ಹಾಗೇ ಇಟ್ಟುಕೊಂಡು, “ಅಯ್ಯೋ ಯವ್ವಾ, ಯಾರೂ ಇಲ್ದಂಗೆ ಹೆಂಗೆ ಹೊಡ್ಕಂತೈತೆ ನೋಡೇ” ಅಂದರು. ನೀರಿಗೆ ಮರ ಉಬ್ಬಿ ಹೊಡೆದುಕೊಳ್ಳುತ್ತದೆ, ಪ್ರತಿ ಶುಕ್ರವಾರ ನಾನು ಶಾಲೆಗೆ ಹೋಗುವ ಮುಂಚೆ ಗಂಡನ ಕಣ್ಣು ತಪ್ಪಿಸಿ ಹೊಸಿಲು ತೊಳೆಯುತ್ತಿದ್ದೆ, ಅದು ನೆನೆದು ಮಧ್ಯಾಹ್ನಕ್ಕೆ ಕೂಗುತ್ತಿತ್ತು, ಅಂಜಮ್ಮ ಹೋದ ಬೇಸರಕ್ಕೆ ತೊಳೆಯುವುದು ಬಿಟ್ಟೆ, ಅದಕ್ಕೇ ಗಂಟೆ ನಿಂತಿತ್ತು ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿದೆ. “ಹಂಗಾದ್ರೆ ಪಾಪ, ಆ ಹುಡುಗಿ...” ಎಂದು ಶುರು ಮಾಡಿದ ಗಿಡ್ಡಮ್ಮನವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ ಮುಟ್ಟಿಸಿದವರೂ ಅವರೇ. ಈಗ ಎಲ್ಲರೂ ನಿನ್ನನ್ನು ಪಾಪ ಎನ್ನುತ್ತಾರೆ, ನನ್ನನ್ನು ನೋಡಿ ನಗುತ್ತಾರೆ. ಓದು ಕಲಿಸುವ ಟೀಚರಮ್ಮನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು. ನಗಲಿ ಬಿಡು.

ನಿಮ್ಮಣ್ಣ ಅಂದೂ ಸೈಕಲ್ಲು ತುಳಿದು ಬಂದರು. ಡಬ್ಬಿ ತೆಗೆದು ನಿಲ್ಲಿಸಿದರು. ಒದ್ದೆ ಹೊಸಿಲನ್ನು ನೋಡಿದರು, ನನ್ನ ಹಳದಿ ಕೈ ನೋಡಿದರು. ಸೈಕಲ್ಲು ತಿರುಗಿಸಿ ಅಂಗಡಿಗೆ ಹೋದರು. ಊಟಕ್ಕೆ ಕೂತಾಗ ಅದೇ ಕಥೆಯನ್ನು ಅವರಿಗೂ ಹೇಳಿದೆ. “ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಕೂಗ್ತಿತ್ತಾ” ಎಂದರು. ಹೌದು ಎಂದೆ. “ಇವತ್ತು ಬೇಗ ಕೂಗ್ತು” ಎಂದರು. ಇವತ್ತು ನೀರು ಜಾಸ್ತಿ ಆಯಿತು ಎಂದೆ. ತಲೆ ಬಗ್ಗಿಸಿ ಉಂಡು ಎದ್ದರು. ನಂಬಿದ್ದಾರೆ. ಆದರೆ ತಂಗಿಗೆ ಅಂದ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ಅವರಿಗೆ ಯಾರೂ ಕಲಿಸಿಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ. ಅದು ಅವರ ಕೆಲಸ, ಅವರೇ ಮಾಡಲಿ.

ಆದ್ದರಿಂದ ನಿನ್ನ ಗುಟ್ಟು ನನ್ನ ಹತ್ತಿರ ಭದ್ರವಾಗಿದೆ. ನೀನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಹೊನ್ನಾಳಿಯ ಕೆಲಸ ನಿನಗೆ ನಿಜವಾಗಿ ಬೇಕೆನಿಸಿದರೆ ಹೋಗು, ನಾನೇ ಬಂದು ಹಾಸಿಗೆ ಸುತ್ತಿ ಬಸ್ಸು ಹತ್ತಿಸುತ್ತೇನೆ. ಆ ಮಾತಿಗೆ ಹೆದರಿ ಮಾತ್ರ ಹೋಗಬೇಡ. ಆ ಮಾತು ಸತ್ತಿದೆ. ಈ ಸಲ ಯುಗಾದಿ ಶುಕ್ರವಾರವೇ ಬಂದಿದೆ. ಅದಕ್ಕೆ ಮುಂಚೆ ಬಾ. ಬಂದು ಏನು ಮಾಡಬೇಕು, ಏನು ಮಾಡಬಾರದು ಎಂದು ನಾನು ಹೇಳುವವಳಲ್ಲ. ಬಟ್ಟಲು ದೇವರ ಗೂಡಿನಲ್ಲಿದೆ. ನನಗೆ ಬೆಳಿಗ್ಗೆ ಪುರುಸೊತ್ತಿಲ್ಲ ಎನ್ನುವುದು ಕೇರಿಗೆಲ್ಲ ಗೊತ್ತಿರುವ ವಿಷಯ.

ನನಗೆ ಸಾಕಾಗಿದೆ, ಅಂಜಮ್ಮ. ಒಬ್ಬಳೇ ಬೇಯಿಸಿ, ಒಬ್ಬಳೇ ಬಳಿದು, ಮಾತಾಡದ ಮನುಷ್ಯನ ಮುಂದೆ ಕೂತು ಉಣ್ಣುವುದು ಸಾಕಾಗಿದೆ. ನೀನು ಬಂದರೆ ನನಗೂ ಸ್ವಲ್ಪ ಉಸಿರಾಡುವುದಕ್ಕಾಗುತ್ತದೆ. ಇದನ್ನು ಸ್ವಾರ್ಥ ಎಂದುಕೊಂಡರೂ ಸರಿ.

ನಿನ್ನ ದಾರಿ ನೋಡುತ್ತಿರುವ ಅತ್ತಿಗೆ,
ಸಾವಂತ್ರಮ್ಮ

ಮಡಿಸಿಟ್ಟ ಕಾಗದವನ್ನು ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಈಗ ಸಂಜೆ. ನಿಮ್ಮಣ್ಣ ತಿಪ್ಪೇರುದ್ರಸ್ವಾಮಿಯನ್ನು ಕರೆತಂದು ಹಲಗೆ ಕೀಳಿಸಿದ್ದಾರೆ. ತಗಡುಗಳನ್ನು ಬಾಗಿಲ ಮೇಲಿನ ಪಟ್ಟಿಗೆ ಹಾಕಬೇಕಂತೆ, ಬಾಗಿಲು ತೆಗೆದರೆ ಮಾತ್ರ ಹೊಡೆಯುವ ಹಾಗೆ. ಅಷ್ಟೆಲ್ಲಾ ಯಾಕೆ, ಹೊಸ ಹಲಗೆ ಹಾಕಿಕೊಡುತ್ತೇನೆ, ಇನ್ನು ಮೇಲೆ ನೀರು ಹಾಕಬೇಡಿ ಎಂದು ಅಕ್ಕನಿಗೆ ಹೇಳಿದರೆ ಮುಗಿಯಿತಲ್ಲ ಎಂದ ಅವನು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ನಿಮ್ಮಣ್ಣ ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ. “ಮ್ಯಾಲೇ ಹಾಕಪ್ಪ. ಹೊಸಿಲಿಗೆ ನೀರು ಬೀಳೋ ಮನೆ ಇದು. ನನ್ನ ತಂಗಿ ಬಂದ ಮ್ಯಾಲೆ ಶುಕ್ರವಾರ ಶುಕ್ರವಾರ ಇದು ಕೂಗಬಾರ್ದು.” ಅವರು ನನ್ನ ಸುಳ್ಳನ್ನು ಒಂದು ಗಳಿಗೆಯೂ ನಂಬಿರಲಿಲ್ಲ, ಅಂಜಮ್ಮ.